ಮಳೆಗಾಲದ ಬೀರುವಿಗೆ ನ್ಯಾನೋ ಎಳೆಯ ಸೆನ್ಸಾರ್ ಬೇಕಾ?

ಡೊಂಬಿವಲಿ ಮನೆಯ ಬೀರುವಿನಲ್ಲಿ ಬಟ್ಟೆಗೆ ಬೂಷ್ಟು ಹಿಡಿಯುತ್ತಿದೆ, ಒಳಗಿಟ್ಟ, ಗಾಳಿಯ ತೇವಾಂಶ ಅಳೆಯುವ ಡಿಎಚ್‌ಟಿ11 ಸೆನ್ಸಾರ್ ಜುಲೈ ಪೂರ್ತಿ ಶೇ. 90ರ ಆಸುಪಾಸು ಬಿಟ್ಟು ಅಲುಗಾಡುವುದಿಲ್ಲ, ತಾವಾಗಿಯೇ ಜೋಡಿಕೊಳ್ಳುವ ಸಾವಯವ (ಅಂದರೆ ಇಂಗಾಲದ ಅಣುಗಳ) ನ್ಯಾನೋ ಎಳೆಗಳ ಸೆನ್ಸಾರ್ ಇದಕ್ಕಿಂತ ವಾಸಿನಾ ಅಂತ ಕೇಳಿದ್ದೀರಿ. ನಾನು ಥಾಣೆಯಲ್ಲಿ ತೇವಾಂಶ ಮೀಟರುಗಳ ಕ್ಯಾಲಿಬ್ರೇಶನ್ ಮಾಡುವವನು. ಬೀರುವಿಗೆ ಅದು ಬೇಡ. ಆದರೆ ಆ ಎಳೆಗಳ ಕತೆ ಮಾತ್ರ ಸೊಗಸಾಗಿದೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದವರು 2014ರಲ್ಲಿ ಇಂಥದ್ದೊಂದನ್ನು ಮಾಡಿ ತೋರಿಸಿದರು. ಅದರಲ್ಲಿರುವುದು ಎರಡು ಬಗೆಯ ಅಣುಗಳು. ಕೊರೊನೀನ್ ಎಂಬ ಚಪ್ಪಟೆ ಅಣುವಿನಿಂದ ಮಾಡಿದ್ದು ಎಲೆಕ್ಟ್ರಾನ್ ಕೊಡುವಂಥದ್ದು. ವಯೊಲೊಜೆನ್ ಎಂಬ ಸಾವಯವ ಅಣುಗಳ ಜಾತಿಯದು ಅದನ್ನು ತಗೊಳ್ಳುವಂಥದ್ದು, ಜೊತೆಗೆ ಅದಕ್ಕೆ ನೀರು ಕಂಡರಾಗದ ಉದ್ದ ಬಾಲ ಬೇರೆ. ಎರಡನ್ನೂ ನೀರಿನಲ್ಲಿ ಬೆರೆಸಿದರೆ ಸಾಕು, ಪೇರಿಸಿಟ್ಟ ಚಪಾತಿಗಳ ಹಾಗೆ ಒಂದರ ಮೇಲೊಂದು ಕೂತು ಎಳೆಯಾಗುತ್ತವೆ. ಈ ಎಳೆ ಗಾಳಿಯ ತೇವ ಹೀರಿದ ಕೂಡಲೇ ಅಣುಗಳ ನಡುವಿನ ಅಂತರ ಒಂಚೂರು ಬದಲಾಗುತ್ತದೆ. ಅಷ್ಟಕ್ಕೇ ಅದರಲ್ಲಿ ಹರಿಯುವ ಕರೆಂಟ್ ವಿಪರೀತ ಬದಲಾಗುತ್ತದೆ. ಎಳೆ ತೀರಾ ಸಣ್ಣದು, ನೀರು ಒಳಗೆ ಹೋಗಿ ಬರಲು ಹೊತ್ತೇ ಬೇಡ. ಹಾಗಾಗಿ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಕೆಲಸ ಮಾಡುತ್ತದೆ.

ಈ ವೇಗ ಬೇಕಾಗುವುದು ಉಸಿರಿಗೆ. ಬಿಟ್ಟ ಉಸಿರು ಒದ್ದೆ, ಎಳೆದುಕೊಂಡದ್ದು ಅಷ್ಟಿಲ್ಲ. ಆ ಏರಿಳಿತ ಹಿಡಿಯಲು ನಿಧಾನದ ಸೆನ್ಸಾರ್ ಆಗಲ್ಲ. ನಿಮ್ಮ ಬೀರುವಿನ ತೇವ ಏರುವುದು, ಇಳಿಯುವುದು ಗಂಟೆಗಟ್ಟಲೆ. ಅಲ್ಲಿ ಆತುರ ಯಾರಿಗೆ?

ನಿಮ್ಮ ತೊಂದರೆ ಇರುವುದು ನಿಖರತೆಯಲ್ಲಿ. ಡಿಎಚ್‌ಟಿ11 ತೋರಿಸುವ ಅಂಕಿ ಶೇ. 5ರಷ್ಟು ಆಚೀಚೆ ಆಗಬಹುದು, 90ರ ಮೇಲೆ ಅದನ್ನು ನಂಬಲೇಬಾರದು. ಮೊದಲು ಉಪ್ಪಿನ ಪರೀಕ್ಷೆ ಮಾಡಿ. ಒಂದು ಬಾಟಲಿ ಮುಚ್ಚಳದ ತುಂಬ ಅಡುಗೆ ಉಪ್ಪು ಹಾಕಿ, ಹನಿ ಹನಿ ನೀರು ಬಿಟ್ಟು ಒದ್ದೆ ಮರಳಿನಂತೆ ಮಾಡಿ. ಕರಗಿಸಬೇಡಿ. ಅದನ್ನೂ ಸೆನ್ಸಾರನ್ನೂ ಒಂದಕ್ಕೊಂದು ತಾಗದಂತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಬಿಡಿ. ಒಳಗಿನ ತೇವ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಸೆನ್ಸಾರ್ 82 ಅಂದರೆ ಆ ಆಸುಪಾಸಿನಲ್ಲಿ 7 ಕಳೆದು ಓದಿ. ಅಲ್ಲೂ 90 ಅಂದರೆ ಎಸೆದು, ಅದಕ್ಕಿಂತ ನಿಖರವಾದ ಎಸ್‌ಎಚ್‌ಟಿ31 ಸೆನ್ಸಾರ್ ತಗೊಳ್ಳಿ.

ಅಂದ ಹಾಗೆ, ಬೀರು ಹೊರಗೋಡೆಗೆ ಒತ್ತಿಕೊಂಡಿದ್ದರೆ ಒಂದು ಗೇಣು ಈಚೆ ಎಳೆಯಿರಿ, ಹಿಂದೆ ಗಾಳಿ ಆಡಲಿ. ಇದಕ್ಕೆ ಸೆನ್ಸಾರೂ ಬೇಡ.