ಮಂಗ ಸತ್ತಾಗಲೇ ಎಚ್ಚರವಾಗಬೇಕು

ಸಾಗರ ತಾಲೂಕಿನ ಓದುಗರೊಬ್ಬರ ಪತ್ರ: "ಕೊರೊನಾದಿಂದ ಪಾಠ ಕಲಿಯಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ಮಂಗನ ಕಾಯಿಲೆಯಿಂದ ಇಷ್ಟು ವರ್ಷ ಏನು ಕಲಿತಿರಿ, ಸ್ವಾಮಿ?"

ಸಂಪಾದಕರ ಉತ್ತರ: ನಿಮ್ಮ ತಾಲೂಕಿನ ಅರಳಗೋಡಿನಲ್ಲಿ 2018-19ರಲ್ಲಿ ಮಂಗನ ಕಾಯಿಲೆಯಿಂದಾದ ಸಾವುಗಳನ್ನು ಹತ್ತಿರದಿಂದ ಕಂಡವರು ನೀವು. ನಿಮ್ಮ ಸಿಟ್ಟು ಸರಿಯಾದದ್ದೇ. ಆದರೂ ಏನೂ ಕಲಿತಿಲ್ಲ ಅನ್ನಲಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನ ಜ್ವರದಿಂದ ಮಲಗಿದರು. ಸೊಳ್ಳೆಯಿಂದ ಹರಡಿ ಮಂಗಗಳನ್ನೂ ಕೊಲ್ಲುವ ಹಳದಿ ಜ್ವರ ಭಾರತಕ್ಕೂ ಬಂತೇನೋ ಎಂಬ ಹೆದರಿಕೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ, ಅದು ಜಗತ್ತಿಗೇ ಹೊಸ ವೈರಸ್. ಹರಡುತ್ತಿದ್ದದ್ದು ಸೊಳ್ಳೆಯಲ್ಲ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗು (ಉಣ್ಣೆ). ಆ ಕೇಂದ್ರ ಶುರುವಾದದ್ದೇ 1952ರಲ್ಲಿ. ಅದು ಇರದಿದ್ದರೆ ಎಷ್ಟು ದಿನ ಕತ್ತಲಲ್ಲಿ ತಡಕಾಡುತ್ತಿದ್ದೆವೋ!

ನಾವು ಎಡವಿರುವುದು ಬೇರೆ ಕಡೆ. ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗು ಇಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಅಲ್ಲೇ ಕೊಟ್ಟಿಗೆಗೆ ದರಕು ಗುಡಿಸುವವರಿಗೆ, ಸೌದೆಗೆ ಹೋಗುವವರಿಗೆ ಅವು ಹತ್ತುತ್ತವೆ. ಹಾಗಾಗಿ ಮಂಗದ ಸಾವೇ ಮೊದಲ ಸುದ್ದಿ. ಅದನ್ನು ಕೇಳಿ ಯಾರಾದರೂ ಅವತ್ತೇ ಹೊರಡಬೇಕು, ಅಲ್ವಾ? ಊರಿನವರು ಫೋನ್ ಮಾಡಿದರೆ ಒಂದು ಇಲಾಖೆ ಇನ್ನೊಂದರ ಕಡೆ ಕೈ ತೋರಿಸುವಂತಾಗಬಾರದು. ಹೆಣ ಮುಟ್ಟುವವರಿಗೂ ರಕ್ಷಣೆ ಬೇಕು. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡಿದವರಿಗೇ ಕಾಯಿಲೆ ಬಂತು. ಮಲೆನಾಡಿನ ಕಾಯಿಲೆ ಎಂದುಕೊಂಡಿದ್ದು ಆಮೇಲೆ ವಯನಾಡು, ಗೋವಾ, ಸಿಂಧುದುರ್ಗದಲ್ಲೂ ಕಾಣಿಸಿತು. ನಕ್ಷೆಯಲ್ಲಿ ಗೆರೆ ಎಳೆದು ಅದರ ಒಳಗಷ್ಟೇ ಕಾವಲು ಕಾದರೆ ಹೀಗೇ ಆಗುತ್ತದೆ.

ಕೇರಳದ ನಿಪಾ ನೋಡಿ, ರೋಗಿಯಿಂದ ಇನ್ನೊಬ್ಬರಿಗೂ ಹರಡುವ ವೈರಸ್ ಕಾಯಿಲೆ ಅದು. 2018ರಲ್ಲಿ ಕೋಯಿಕ್ಕೋಡ್ ಕಡೆ ಅದು ಹತ್ತಾರು ಜೀವ ತೆಗೆಯಿತು. 2019ರಲ್ಲಿ ಎರ್ನಾಕುಲಂನಲ್ಲಿ ಒಬ್ಬ ಯುವಕನಿಗೆ ಬಂತು. ಅವನು ಉಳಿದ, ಇನ್ನೊಬ್ಬರಿಗೆ ಹರಡಲಿಲ್ಲ. ಸಂಪರ್ಕಕ್ಕೆ ಬಂದವರನ್ನು ಹುಡುಕುವುದು, ರೋಗಿಯನ್ನು ಬೇರೆ ಇಡುವುದು ಒಂದೇ ವರ್ಷದಲ್ಲಿ ರೂಢಿಯಾಗಿತ್ತು. ಅದೇ ದಾರಿ ನಮಗೆ ಸುಮ್ನೆ ನಕಲು ಮಾಡಲು ಬರುವುದಿಲ್ಲ. ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲವಲ್ಲ, ನಮ್ಮ ಕಾವಲು ಕಾಡಿನಲ್ಲಿರಬೇಕು. ಅದೂ ಕಾಯಿಲೆಯ ಕಾಲ ಶುರುವಾಗುವ ಡಿಸೆಂಬರ್‌ಗೆ ಮೊದಲೇ.

ಲಸಿಕೆಯ ಕಥೆ ಜಾಸ್ತಿ ಬೇಸರದ್ದು. 1990ರಿಂದ ಕೊಟ್ಟ ಲಸಿಕೆಗೆ ಮತ್ತೆ ಮತ್ತೆ ಬೂಸ್ಟರ್ ಬೇಕಿತ್ತು. ಚುಚ್ಚಿದ ಜಾಗ ನೋಯುತ್ತದೆ ಎಂದು ಎಷ್ಟೋ ಜನ ಎರಡನೇ ಡೋಸ್‌ಗೇ ಬರಲಿಲ್ಲ. ಹಾಕಿಸಿಕೊಂಡವರಿಗೂ ಕಾಯಿಲೆ ಬಂತು. 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸದು ತರುವವರು ಎಷ್ಟು ಡೋಸ್, ಎಷ್ಟು ಕಾಲ ರಕ್ಷಣೆ ಎಂದು ಮೊದಲೇ ಬಿಡಿಸಿ ಹೇಳಲಿ. ಇಲ್ಲದಿದ್ದರೆ ಅದಕ್ಕೂ ನಿಮ್ಮೂರಿನವರು ತೋಳು ಚಾಚಲಾರರು.