8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ರಾಗಿ ಆರ್‌ಎನ್‌ಎ ಡೇಟಾ ಓಡುತ್ತಿಲ್ಲ, ಸೂಪರ್‌ಕಂಪ್ಯೂಟರ್ ಸಿಗುವುದು ಹೇಗೆ?

ರಾಗಿಯ 24 ಸ್ಯಾಂಪಲ್ ಇದೆ, ಸ್ಟಾರ್ (ಆರ್‌ಎನ್‌ಎ ಓದಿದ ತುಣುಕುಗಳನ್ನು, ಅಂದರೆ ರೀಡ್‌ಗಳನ್ನು, ಜೀನೋಮ್‌ಗೆ ಹೊಂದಿಸುವ ಅಲೈನರ್ ತಂತ್ರಾಂಶ) ಓಡಿಸಿದರೆ ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತದೆ, ಕಾಲೇಜಿನಲ್ಲಿ ಕ್ಲಸ್ಟರ್ (ಒಟ್ಟಿಗೆ ಕೆಲಸ ಮಾಡುವ ಕಂಪ್ಯೂಟರ್‌ಗಳ ಗುಂಪು) ಇಲ್ಲ ಎಂದಿದ್ದೀರಿ. ನಮ್ಮ ಕ್ಲಸ್ಟರ್‌ಗೆ ಬರುವ ಇಂಥ ಅರ್ಜಿಗಳನ್ನು ಓದುವುದು ನನ್ನ ಕೆಲಸದಲ್ಲಿ ಒಂದು. ಹಾಗಾಗಿ ಮೇಜಿನ ಈ ಕಡೆಯಿಂದ ಹೇಳುತ್ತೇನೆ.

ಹ್ಯಾಂಗ್ ಆಗುವುದು ಸಹಜ. ಜೀನೋಮ್‌ನಲ್ಲಿ ಎಷ್ಟು ಡಿಎನ್‌ಎ ಅಕ್ಷರ ಇದೆಯೋ ಅದರ ಹತ್ತರಷ್ಟು ಬೈಟ್ ಮೆಮೊರಿ ಸ್ಟಾರ್‌ಗೆ ಬೇಕು. ಮನುಷ್ಯರದ್ದು ಸುಮಾರು 300 ಕೋಟಿ ಅಕ್ಷರ, ಅಂದರೆ 30 ಜಿಬಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಪ್ರಕಟಿಸಿದ ರಾಗಿ ಜೀನೋಮ್ ಸುಮಾರು 120 ಕೋಟಿ. ಅಲ್ಲಿಗೆ 12 ಜಿಬಿ ಆಯಿತು. ನಿಮ್ಮ ಹತ್ತಿರ ಇರುವುದು 8.

ಆದರೆ ಇಷ್ಟಕ್ಕೇ ಸೂಪರ್‌ಕಂಪ್ಯೂಟರ್ ಬೇಕಾ? ನನ್ನ ಪ್ರಕಾರ ಬೇಡ. ಮೊದಲು ಗ್ಯಾಲಕ್ಸಿ ನೋಡಿ, ಇಂಥ ಡೇಟಾವನ್ನು ಬೇರೆಯವರ ಸರ್ವರ್‌ನಲ್ಲಿ ಓಡಿಸಿಕೊಳ್ಳುವ ಜಾಲತಾಣ ಅದು. ಜರ್ಮನಿಯ ಫ್ರೈಬರ್ಗ್‌ನಿಂದ ನಡೆಯುವ ಯುರೋಪ್ ಸರ್ವರ್‌ನಲ್ಲಿ ಯಾರು ಬೇಕಾದರೂ ಪುಕ್ಕಟೆ ಅಕೌಂಟ್ ತೆರೆಯಬಹುದು, 250 ಜಿಬಿ ಜಾಗ ಕೊಡುತ್ತಾರೆ. ಸ್ಟಾರ್‌ನಂತೆಯೇ ರೀಡ್ ಹೊಂದಿಸುವ ಹೈಸ್ಯಾಟ್2, ಜೀನ್‌ವಾರು ರೀಡ್ ಎಣಿಸುವ ಫೀಚರ್‌ಕೌಂಟ್ಸ್, ಆ ಎಣಿಕೆಗಳನ್ನು ಹೋಲಿಸುವ ಡಿಇಸೀಕ್2 ಎಲ್ಲ ಬ್ರೌಸರ್‌ನಲ್ಲೇ ಇವೆ. ಎಸ್‌ಆರ್‌ಎ (ಸೀಕ್ವೆನ್ಸ್ ಡೇಟಾದ ಸಾರ್ವಜನಿಕ ಭಂಡಾರ) ಡೇಟಾ ಆದರೆ ನಂಬರ್ ಕೊಟ್ಟರೆ ಸಾಕು, ಅದೇ ಎಳೆದುಕೊಳ್ಳುತ್ತದೆ. ಹಾಸ್ಟೆಲ್ ವೈಫೈ ನಂಬಿ ಕೂರಬೇಕಿಲ್ಲ. ಕ್ಯೂ ಇರುತ್ತದೆ, ಸ್ವಲ್ಪ ತಾಳ್ಮೆ ಬೇಕು.

ಮುಂದೆ ಟ್ರಿನಿಟಿ ತಂತ್ರಾಂಶದಲ್ಲಿ ಅಸೆಂಬ್ಲಿ (ರೀಡ್‌ಗಳನ್ನು ಜೋಡಿಸಿ ಪೂರ್ತಿ ಆರ್‌ಎನ್‌ಎ ಕಟ್ಟುವುದು) ಮಾಡುವ ಯೋಚನೆ ಇದ್ದರೆ ಮಾತು ಬೇರೆ. 10 ಲಕ್ಷ ರೀಡ್ ಜೋಡಿಗೆ ಹತ್ತಿರಹತ್ತಿರ 1 ಜಿಬಿ ಬೇಕು ಅನ್ನುವುದು ಅದರ ಲೆಕ್ಕ. ಆಗ ದೊಡ್ಡ ಯಂತ್ರದ ಬಾಗಿಲು ತಟ್ಟಲೇಬೇಕು.

ಬಾಗಿಲು ಇವೆ. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ 2015ರಲ್ಲಿ ಶುರುವಾಯಿತು. ಅದರಡಿ ಬೆಂಗಳೂರಿನಲ್ಲೇ ಐಐಎಸ್‌ಸಿಯ ಪರಮ್ ಪ್ರವೇಗ, ಸರ್ಕಾರಿ ಕಂಪ್ಯೂಟಿಂಗ್ ಸಂಸ್ಥೆ ಸಿ-ಡ್ಯಾಕ್‌ನ ಪರಮ್ ಉತ್ಕರ್ಷ್ ಸೂಪರ್‌ಕಂಪ್ಯೂಟರ್‌ಗಳು ಇವೆ. ಪುಣೆಯ ಸಿ-ಡ್ಯಾಕ್‌ನಲ್ಲಿ ಬಯೋಇನ್ಫರ್ಮ್ಯಾಟಿಕ್ಸ್‌ಗೆಂದೇ ಒಂದು ಸೌಲಭ್ಯ ಇದೆ. ಹೊರಗಿನವರಿಗೆ ಯಾವ ಷರತ್ತು, ಎಷ್ಟು ಶುಲ್ಕ ಅನ್ನುವುದನ್ನು ಅಲ್ಲಿಗೇ ಮೇಲ್ ಮಾಡಿ ಕೇಳಿ. ಕಾಲೇಜಿನ ಮೇಲ್ ಐಡಿಯಿಂದ ಬರೆಯಿರಿ. ಅರ್ಜಿ ಸಾಮಾನ್ಯವಾಗಿ ಗೈಡ್ ಹೆಸರಲ್ಲೇ ಹೋಗಬೇಕು, ವಿದ್ಯಾರ್ಥಿ ಒಬ್ಬರೇ ಕೇಳಿದರೆ ಕಷ್ಟ.

ಅರ್ಜಿಯಲ್ಲಿ ನಾನು ಮೊದಲು ನೋಡುವುದು ಅಂಕಿ. "ಈ ಸಂಶೋಧನೆ ದೇಶಕ್ಕೆ ಬಹಳ ಮುಖ್ಯ" ಅಂತ ಅರ್ಧ ಪುಟ ಬರೆದಿರುತ್ತಾರೆ, ಎಷ್ಟು ಮೆಮೊರಿ ಬೇಕು ಅಂದರೆ ಸುದ್ದಿಯೇ ಇಲ್ಲ! ಒಂದು ಸ್ಯಾಂಪಲ್ ತಗೊಳ್ಳಿ. ರೀಡ್‌ಗಳಿರುವ ಫಾಸ್ಟ್‌ಕ್ಯೂ ಫೈಲ್‌ನಲ್ಲಿ ಒಂದು ರೀಡ್‌ಗೆ ನಾಲ್ಕು ಸಾಲು, ಅಂದರೆ ಮೊದಲ 40 ಲಕ್ಷ ಸಾಲು ಕತ್ತರಿಸಿದರೆ 10 ಲಕ್ಷ ರೀಡ್. ಅದನ್ನು 16 ಅಥವಾ 32 ಜಿಬಿ ಇರುವ ಯಾರದ್ದಾದರೂ ಯಂತ್ರದಲ್ಲಿ ಓಡಿಸಿ. ಲಿನಕ್ಸ್‌ನ ಟೈಮ್ ಕಮಾಂಡ್‌ಗೆ ಮೈನಸ್ ವಿ ಹಾಕಿದರೆ (/usr/bin/time -v ಎಂದು ಪೂರ್ತಿ ಬರೆಯಿರಿ) ಎಷ್ಟು ಹೊತ್ತು ಹಿಡಿಯಿತು, ಗರಿಷ್ಠ ಮೆಮೊರಿ ಎಷ್ಟು ಎರಡೂ ಬರುತ್ತದೆ. ಸ್ಟಾರ್‌ನಂಥ ಅಲೈನರ್ ಆದರೆ ರೀಡ್ ಜಾಸ್ತಿಯಾದಂತೆ ಸಮಯವನ್ನು ಗುಣಿಸಿ, ಮೆಮೊರಿಯನ್ನಲ್ಲ. ಮೆಮೊರಿ ಹೆಚ್ಚಾಗಿ ಜೀನೋಮ್ ಇಂಡೆಕ್ಸ್‌ಗೆ (ಬೇಗ ಹುಡುಕಲು ಮಾಡಿಕೊಳ್ಳುವ ಸೂಚಿಗೆ) ಹೋಗುತ್ತದೆ. ಪೂರ್ತಿ ಸ್ಯಾಂಪಲ್‌ಗೆ 8 ಕೋರ್‌ನಲ್ಲಿ 2 ಗಂಟೆ ಅಂತಾದರೆ, 24ಕ್ಕೆ 384 ಕೋರ್-ಗಂಟೆ (ಕೋರ್ ಗುಣಿಸು ಗಂಟೆ). ಇನ್ನರ್ಧ ಸೇರಿಸಿ ಕೇಳಿ, ಮರು ಓಟ ಇದ್ದೇ ಇರುತ್ತದೆ. ಇಂಥ ಒಂದು ಸಾಲು ಕಂಡರೆ ನಮಗೂ ಹೂಂ ಅನ್ನುವುದು ಸುಲಭ.

ಅಕೌಂಟ್ ಸಿಕ್ಕ ಮೇಲೆ ಲಾಗಿನ್ ನೋಡ್‌ನಲ್ಲಿ (ಎಲ್ಲರೂ ಒಳಬರುವ ಯಂತ್ರದಲ್ಲಿ) ಏನೂ ಓಡಿಸಬೇಡಿ, ಎಲ್ಲ ಕೆಲಸವನ್ನು ಸರದಿಯಲ್ಲಿ ಹಚ್ಚುವ ಸ್ಲರ್ಮ್ ಮೂಲಕವೇ. ಸ್ಕ್ರ್ಯಾಚ್‌ನಲ್ಲಿರುವ (ತಾತ್ಕಾಲಿಕ ಜಾಗದಲ್ಲಿರುವ) ಫೈಲ್‌ಗಳನ್ನು ಎಷ್ಟು ದಿನಕ್ಕೆ ಅಳಿಸುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ.

ಇನ್ನೊಂದು ದಾರಿ, ಎಷ್ಟೋ ಜನ ಹಿಡಿಯುವುದು ಇದನ್ನೇ: ಕ್ಲಸ್ಟರ್ ಇರುವ ಸಂಸ್ಥೆಯಲ್ಲಿ ನಿಮ್ಮ ಗೈಡ್‌ಗೆ ಪರಿಚಯದವರು ಇದ್ದರೆ ಅವರ ಪ್ರಾಜೆಕ್ಟ್‌ನಡಿ ಅಕೌಂಟ್ ಮಾಡಿಸಿಕೊಳ್ಳುವುದು. ಬೇಗ ಆಗುತ್ತದೆ. ಪೇಪರ್‌ನಲ್ಲಿ ಅವರ ಹೆಸರು ಎಲ್ಲಿ ಬರುತ್ತದೆ ಅನ್ನುವುದನ್ನು ಮಾತ್ರ ಜಾಬ್ ಹಾಕುವ ಮೊದಲೇ ಗೈಡ್ ಕೈಲಿ ಮಾತಾಡಿಸಿಬಿಡಿ.