ಲೋಕಸಭೆಯಲ್ಲಿ ಕೊಟ್ಟ ಲಿಖಿತ ಉತ್ತರ ತಪ್ಪಾಗಿದ್ದರೆ ಸಚಿವರು ಹೊಣೆಯೇ?

ಹೌದು, ಪೂರ್ತಿ ಹೊಣೆ. ಉತ್ತರ ತಯಾರಿಸುವವರು ಅಧಿಕಾರಿಗಳು, ಆದರೆ ಅದು ಸದನಕ್ಕೆ ಹೋಗುವುದು ಸಚಿವರ ಹೆಸರಿನಲ್ಲಿ. ತಪ್ಪು ಕಂಡರೆ ಸಂಸದರು ಸ್ಪೀಕರ್‌ಗೆ ಬರೆಯಬಹುದು. ಸಚಿವರು ತಾವಾಗಿಯೇ ತಿದ್ದುಪಡಿ ಹೇಳಿಕೆಯನ್ನೂ ಕೊಡಬಹುದು. ಬೇಕೆಂದೇ ದಾರಿ ತಪ್ಪಿಸಿದ್ದರೆ ಹಕ್ಕುಚ್ಯುತಿ (ಸದನದ ವಿಶೇಷ ಹಕ್ಕಿಗೆ ಧಕ್ಕೆ) ನೋಟಿಸ್ ಕೊಡಲು ಅವಕಾಶವಿದೆ. ಬರೀ ಅಂಕಿ ತಪ್ಪಿದ್ದರೆ ಅದಕ್ಕೆ ಸಾಲದು.

ನನಗೆ ಜಾಸ್ತಿ ಚಿಂತೆ ಹುಟ್ಟಿಸುವುದು ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರ. ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರ ಮಾತ್ರ ಸಿಗುವ ಪ್ರಶ್ನೆಗೆ ಸದನದಲ್ಲಿ ಉಪಪ್ರಶ್ನೆ ಕೇಳುವಂತಿಲ್ಲ, ಅಲ್ವಾ? ಆದರೆ ಇಂಥ ಮಾತನ್ನು ಭರವಸೆ ಎಂದೇ ದಾಖಲಿಸುತ್ತಾರೆ. ಅದನ್ನು 3 ತಿಂಗಳಲ್ಲಿ ಈಡೇರಿಸಬೇಕು. 1953ರಿಂದ ಇರುವ ಸರ್ಕಾರಿ ಭರವಸೆಗಳ ಸಮಿತಿ ಇದರ ಬೆನ್ನು ಹತ್ತುತ್ತದೆ. ಆದರೆ ಸಚಿವಾಲಯಗಳು ಗಡುವು ವಿಸ್ತರಣೆ ಕೇಳಬಹುದು. ಹೀಗೆ ಕೆಲವು ಭರವಸೆಗಳು ವರ್ಷಗಟ್ಟಲೆ ಬಾಕಿ ಉಳಿಯುತ್ತವೆ.